ಶೆನ್‌ಜೆನ್‌ನಲ್ಲಿ ಕೆಲಸ, ಹುನಾನ್‌ನಲ್ಲಿ ಮಗಳು: ‘ಹುಕೋ’ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ನಮಗೆ ಬಿಡಿಭಾಗ ಪೂರೈಸುವ ಚೀನಾದ ಶೆನ್‌ಜೆನ್‌ ನಗರದ ಕಾರ್ಖಾನೆಯ ಮೇಲ್ವಿಚಾರಕರೊಬ್ಬರು ಪರಿಚಯ. ಬಹಳ ವರ್ಷಗಳಿಂದ ಅಲ್ಲೇ ಇದ್ದಾರೆ. ಮಗಳು ಮಾತ್ರ ಹುನಾನ್ ಪ್ರಾಂತ್ಯದ ಹಳ್ಳಿಯಲ್ಲಿ ಅಜ್ಜಿಯ ಬಳಿ ಬೆಳೆಯುತ್ತಿದ್ದಾಳೆ. ಕಾರಣ ಕೇಳಿದರೆ, ಶೆನ್‌ಜೆನ್‌ನ ಹುಕೋ ಇಲ್ಲ ಎನ್ನುತ್ತಾರೆ. ಹೆತ್ತ ಮಗಳನ್ನು ಜೊತೆಗಿಟ್ಟುಕೊಳ್ಳಲೂ ಅನುಮತಿ ಬೇಕೇ?

ಉತ್ತರ: ಜೊತೆಗಿಟ್ಟುಕೊಳ್ಳಲು ಯಾರ ಅನುಮತಿಯೂ ಬೇಡ. ಕಷ್ಟವಿರುವುದು ಓದಿಸುವುದರಲ್ಲಿ.

ಹುಕೋ ಎಂದರೆ ಕುಟುಂಬ ನೋಂದಣಿ. ಪಡಿತರ ಚೀಟಿ, ಶಾಲೆಯ ಸೀಟು, ಆರೋಗ್ಯ ವಿಮೆ ಎಲ್ಲವನ್ನೂ ಹುಟ್ಟೂರಿನ ಒಂದೇ ಪುಸ್ತಕಕ್ಕೆ ಕಟ್ಟಿಹಾಕಿದರೆ ಹೇಗಿರುತ್ತದೋ ಹಾಗೆ. 1958ರ ಜನವರಿಯಲ್ಲಿ ಬಂದ ಕಾನೂನಿನ ಬಲದಿಂದ ಜನರು ಕೃಷಿ, ಕೃಷಿಯೇತರ ಎಂದು ಎರಡು ಪಾಲಾದರು. ನಗರದಲ್ಲಿ ಪಡಿತರ ಧಾನ್ಯ ಸಿಗುತ್ತಿದ್ದುದು ನಗರದ ಹುಕೋ ಇದ್ದವರಿಗೆ ಮಾತ್ರ. ಹಳ್ಳಿಯವನನ್ನು ತಡೆಯಲು ಪೊಲೀಸರೇ ಬೇಕಿರಲಿಲ್ಲ, ಹಸಿವೇ ಸಾಕಿತ್ತು. 1980ರ ದಶಕದಲ್ಲಿ ಕಾರ್ಖಾನೆಗಳು ತೆರೆದಾಗ ದುಡಿಯುವ ಕೈಗಳು ಬೇಕಾದವು; ಜನ ಬಂದರು, ನೋಂದಣಿ ಊರಲ್ಲೇ ಉಳಿಯಿತು. 1998ರವರೆಗೆ ಮಗುವಿಗೆ ತಾಯಿಯ ಹುಕೋ ಮಾತ್ರ ಬರುತ್ತಿತ್ತು. ತಂದೆ ನಗರದವನಾಗಿದ್ದರೂ ತಾಯಿ ಹಳ್ಳಿಯವಳಾದರೆ ಮಗುವೂ ಹಳ್ಳಿಯದೇ.

ಈಗ ನಿಮ್ಮ ಪರಿಚಿತರ ವಿಷಯ. ಕಾಲೇಜು ಪ್ರವೇಶದ ‘ಗಾವ್‌ಕಾವ್’ ಪರೀಕ್ಷೆಯನ್ನು ಸಾಮಾನ್ಯವಾಗಿ ಹುಕೋ ಇರುವ ಪ್ರಾಂತ್ಯದಲ್ಲೇ ಬರೆಯಬೇಕು. ವಲಸಿಗರ ಮಕ್ಕಳಿಗೆ ವಿನಾಯಿತಿ ಉಂಟು, ಆದರೆ ಷರತ್ತುಗಳಿವೆ: ತಂದೆತಾಯಿಯರ ಸಾಮಾಜಿಕ ವಿಮೆಯ ದಾಖಲೆ, ಅಲ್ಲೇ ಓದಿದ ಪ್ರೌಢಶಾಲೆಯ ವರ್ಷಗಳು ಇತ್ಯಾದಿ. ಎಲ್ಲೋ ಒಂದು ಕಾಗದ ತಪ್ಪಿದರೂ ಹದಿನಾರರ ವಯಸ್ಸಿನಲ್ಲಿ ಊರಿಗೆ ಮರಳಬೇಕು. ಆ ಭಯಕ್ಕೆ ಎಷ್ಟೋ ಮಂದಿ ಮಕ್ಕಳನ್ನು ಮೊದಲೇ ಊರಲ್ಲಿ ಬಿಡುತ್ತಾರೆ.

ಮರುಪ್ರಶ್ನೆ: ಕೃಷಿ, ಕೃಷಿಯೇತರ ಭೇದವನ್ನು ತೆಗೆದುಹಾಕಿದ್ದಾರೆ ಎಂದು ಓದಿದ್ದೆನಲ್ಲ?

ಉತ್ತರ: 2014ರಲ್ಲಿ ಆ ಹಣೆಪಟ್ಟಿ ತೆಗೆಯುವ ನಿರ್ಧಾರವಾಯಿತು, ನಿಜ. ‘ಸ್ಥಳೀಯ’, ‘ಹೊರಗಿನವ’ ಎಂಬ ಭೇದ ಹಾಗೇ ಉಳಿಯಿತು. 2016ರಿಂದ ಹೊರಗಿನವರಿಗೆ ನಿವಾಸ ಪತ್ರ ಕೊಡುತ್ತಾರೆ, ಆದರೆ ಅದು ಹುಕೋ ಅಲ್ಲ. ಬೀಜಿಂಗ್, ಶಾಂಘೈಗಳಂಥ ಮಹಾನಗರಗಳಲ್ಲಿ ಹುಕೋ ಬೇಕೆಂದರೆ ಪದವಿ, ವಿಮೆ, ಮನೆ ಎಲ್ಲಕ್ಕೂ ಅಂಕ. ಹೊಲಿಗೆ ಯಂತ್ರದ ಮುಂದೆ ಕೂತವಳಿಗೆ ಅಷ್ಟು ಅಂಕ ಎಲ್ಲಿಂದ ಬರಬೇಕು? 2020ರ ಜನಗಣತಿಯ ಹೊತ್ತಿಗೆ ಸುಮಾರು 64% ಜನ ನಗರವಾಸಿಗಳಾಗಿದ್ದರು, ನಗರದ ಹುಕೋ ಇದ್ದವರು ಸುಮಾರು 45%.

ಹಿಂದಿನಷ್ಟು ಕ್ರೂರವಲ್ಲ ಎನ್ನಬೇಕು. 2003ರಲ್ಲಿ ಗುವಾಂಗ್‌ಝೌನಲ್ಲಿ ಸುನ್ ಝಿಗಾಂಗ್ ಎಂಬ ಯುವಕನನ್ನು ತಾತ್ಕಾಲಿಕ ನಿವಾಸ ಪತ್ರ ತೋರಿಸಲಿಲ್ಲವೆಂದು ಹಿಡಿದೊಯ್ದರು. ಬಂಧನದಲ್ಲೇ ಹೊಡೆತ ತಿಂದು ಸತ್ತ. ಜನ ಸಿಟ್ಟಿಗೆದ್ದ ಮೇಲೆ, ಹಾಗೆ ಹಿಡಿದು ಊರಿಗಟ್ಟುವ ನಿಯಮವನ್ನೇ ಆ ವರ್ಷ ಕೈಬಿಟ್ಟರು.

ಇನ್ನೊಬ್ಬರ ಪ್ರಶ್ನೆ: ಹಾಗಾದರೆ ಸಣ್ಣ ಪಟ್ಟಣದ ಹುಕೋ ತೆಗೆದುಕೊಳ್ಳಬಹುದಲ್ಲ?

ಉತ್ತರ: ಸುಲಭವಾಗಿಯೇ ಸಿಗುತ್ತದೆ, ಬಹಳ ಮಂದಿಗೆ ಬೇಡ. ಸಂಬಳ ಇರುವುದು ಶೆನ್‌ಜೆನ್‌ನಲ್ಲಿ. ಜೊತೆಗೆ ಹಳ್ಳಿಯ ಹುಕೋಗೆ ಗುತ್ತಿಗೆ ಜಮೀನು, ಮನೆ ನಿವೇಶನದ ಹಕ್ಕು ಅಂಟಿಕೊಂಡಿದೆ. ನಗರದ ಹುಕೋ ಪಡೆಯಲು ಜಮೀನು ಬಿಡಬೇಕೆಂಬ ಷರತ್ತು ಹಾಕುವಂತಿಲ್ಲ ಎಂದು ಗ್ರಾಮೀಣ ಜಮೀನು ಗುತ್ತಿಗೆ ಕಾನೂನಿನ 2018ರ ತಿದ್ದುಪಡಿ ಹೇಳುತ್ತದೆ. ಆದರೂ ಕೆಲಸ ಹೋದ ದಿನ ಮರಳಲು ಇರುವ ಆ ತುಂಡು ನೆಲವನ್ನು ಕಾಗದದ ಭರವಸೆ ನಂಬಿ ಪಣಕ್ಕಿಡಲು ಯಾರೂ ಸುಲಭಕ್ಕೆ ಒಪ್ಪುವುದಿಲ್ಲ. ನಿಮ್ಮ ಪರಿಚಿತರ ಹೆಸರಿನಲ್ಲಿ ಊರಲ್ಲಿ ಜಮೀನು ಇದೆಯೇ, ಒಮ್ಮೆ ಕೇಳಿ ನೋಡಿ.