ಪದಚರ್ಚೆ: ನಷ್ಟಪರಿಹಾರದ ದಾವೆಗೆ ಇರುವ ‘ಲಿಮಿಟೇಷನ್’ಗೆ ಫಲಕದ ಮೇಲೆ ಯಾವ ಪದ?

ತುಮಕೂರಿನಿಂದ, ಅನುವಾದಕಿ:

ಮಾನ್ಯರೇ, ಗುಬ್ಬಿ ತಾಲ್ಲೂಕಿನ ಒಂದು ಹೋಬಳಿ ಕೇಂದ್ರದಲ್ಲಿ ಈ ಭಾನುವಾರ ನಡೆಯಲಿರುವ ಕಾನೂನು ಅರಿವು ಶಿಬಿರಕ್ಕೆ ಒಂದು ಫಲಕವನ್ನೂ ಎರಡು ಪುಟದ ಕರಪತ್ರವನ್ನೂ ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾಳೆ ಸಂಜೆಯೊಳಗೆ ಅಕ್ಷರ ಕೈಸೇರದಿದ್ದರೆ ಫ್ಲೆಕ್ಸ್ ಆಗುವುದಿಲ್ಲವೆಂದು ಅಂಗಡಿಯವರು ಹೇಳಿದ್ದಾರೆ. ಮೂಲದ ತಲೆಬರಹ ‘ಲಿಮಿಟೇಷನ್ ಪೀರಿಯಡ್’ ಎಂದಿದೆ, ಅಂದರೆ ಎಷ್ಟು ಸಮಯದೊಳಗೆ ದಾವೆ, ದೂರು ಅಥವಾ ಅರ್ಜಿ ಹಾಕಬೇಕು ಎಂದು ಕಾನೂನು ಇಟ್ಟಿರುವ ಮಿತಿ. ಅದರ ಕೆಳಗೆ ನಾಲ್ಕು ಸಾಲುಗಳು. ಕರಾರು ಮುರಿದದ್ದಕ್ಕೆ ನಷ್ಟಪರಿಹಾರ ಕೇಳಲು ಮೂರು ವರ್ಷ, ಮಾನನಷ್ಟಕ್ಕೆ ಒಂದು ವರ್ಷ, ಗ್ರಾಹಕರ ದೂರಿಗೆ ಎರಡು ವರ್ಷ, ಮೋಟಾರು ವಾಹನ ಅಪಘಾತದ ಕ್ಲೇಮಿಗೆ ಆರು ತಿಂಗಳು.

ನನ್ನ ಮುಂದಿರುವ ಪದಗಳು ಇವು: ಕಾಲಮಿತಿ, ಕಾಲಪರಿಮಿತಿ, ಪರಿಸೀಮೆ, ಗಡುವು, ಅವಧಿ, ಮುದ್ದತು. ಇವುಗಳಲ್ಲಿ ಯಾವುದು ಸಂತೆಗೆ ಬಂದವರು ನಿಂತು ಓದಿದ ಕೂಡಲೇ ತಲೆಗೆ ಹೋಗುತ್ತದೆ, ಹಾಗೆಯೇ ವಕೀಲರು ಓದಿದರೂ ತಪ್ಪೆನ್ನುವುದಿಲ್ಲ? ಇದರ ಜೊತೆಗೆ, ಈ ಸಮಯ ಕಳೆದ ಮೇಲೆ ಬಂದ ದಾವೆಯನ್ನು ‘ಕಾಲಬಾಧಿತ’ ಎನ್ನುವುದು ಸರಿಯೇ, ‘ಅವಧಿ ಮೀರಿದ’ ಎಂದರೆ ಸಾಕೇ? ‘ಪರಿಹಾರ’ ಎಂದಷ್ಟೇ ಬರೆದರೆ ಬೆಳೆ ಪರಿಹಾರ, ಬರ ಪರಿಹಾರದಂತೆ ಸರ್ಕಾರ ಕೊಡುವ ಹಣವೆಂದು ಓದುಗರು ತಿಳಿಯುವ ಸಂಭವವಿರುವುದರಿಂದ ಎಲ್ಲ ಕಡೆಯೂ ‘ನಷ್ಟಪರಿಹಾರ’ ಎಂದೇ ಇಟ್ಟಿದ್ದೇನೆ. ಬೇಗ ಉತ್ತರಿಸಿದರೆ ಉಪಕಾರವಾಗುತ್ತದೆ.

ಕೋಲಾರದಿಂದ, ನಿವೃತ್ತ ಶಿರಸ್ತೇದಾರ:

ಕಾಲಪರಿಮಿತಿ. ಇದರಲ್ಲಿ ಚರ್ಚಿಸುವಂಥದ್ದು ಏನೂ ಇಲ್ಲ. ನಾನು ಸೇವೆಯಲ್ಲಿದ್ದಷ್ಟು ಕಾಲವೂ ಕನ್ನಡದ ತೀರ್ಪುಗಳಲ್ಲಿ, ಪ್ರತಿವಾದಿಯ ತಕರಾರುಗಳಲ್ಲಿ ಕಂಡದ್ದು ಈ ಪದವನ್ನೇ. ‘ಪರಿಸೀಮಾ’ ಎಂಬುದು ಹಿಂದಿಯಲ್ಲಿ ಲಿಮಿಟೇಷನ್ ಅಧಿನಿಯಮಕ್ಕಿರುವ ಹೆಸರು. ನಮ್ಮಲ್ಲಿ ಪದವಿರುವಾಗ ಅದನ್ನು ಎರವಲು ತರುವ ಅಗತ್ಯವಿಲ್ಲ. ‘ಮುದ್ದತು’ ಪ್ರಾಮಿಸರಿ ನೋಟು, ಠೇವಣಿಗಳಿಗೆ ಸಲ್ಲುವ ಮಾತು. ‘ಕಾಲಬಾಧಿತ’ ಸರಿಯಾಗಿದೆ, ಹಾಗೆಯೇ ಇರಲಿ.

ಗೌರಿಬಿದನೂರಿನಿಂದ:

ಹಿರಿಯರು ಒಂದೇ ಪದದಲ್ಲಿ ಚರ್ಚೆಯನ್ನು ಮುಚ್ಚಿಬಿಟ್ಟಿದ್ದಾರೆ. ಆದರೆ ‘ಕಾಲಪರಿಮಿತಿ’ಯಲ್ಲಿ ಕನ್ನಡದ ಒಂದು ಧಾತುವೂ ಇಲ್ಲ. ಹಳ್ಳಿಯ ಜನರಿಗಾಗಿ ಬರೆಯುವ ಫಲಕದಲ್ಲಿ ಅದೇಕೆ? ‘ಗಡುವು’ ನಮ್ಮದೇ ಪದ. ಇದನ್ನು ‘ಗಡಿ’ಗೆ ಜೋಡಿಸಿ ‘ಎಲ್ಲೆ’ ಎಂದು ಅರ್ಥ ಹೇಳುವವರನ್ನು ನಾನು ಒಪ್ಪುವುದಿಲ್ಲ. ತೆಲುಗಿನಲ್ಲಿ ‘ಗಡಚು’ ಎಂದರೆ ಕಾಲ ಕಳೆಯುವುದು, ಸರಿಯುವುದು. ‘ಗಡುವು’ ಅಲ್ಲಿಯೂ ಇದೆ. ಎರಡೂ ನುಡಿಗಳಲ್ಲಿ ಬಾಳುತ್ತಿರುವ ಈ ಪದದ ಬೇರು ಸರಿಯುವ ಕಾಲದಲ್ಲಿದೆ, ನೆಟ್ಟ ಕಲ್ಲಿನಲ್ಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗಾಗಿ ಕಾನೂನಿನ ಈ ಕಲ್ಪನೆಗೆ ಇದಕ್ಕಿಂತ ತಕ್ಕ ಪದ ಸಿಗದು. ಬಾಗೇಪಲ್ಲಿ, ಗುಡಿಬಂಡೆಯ ಕಡೆ ಮನೆಮಾತು ತೆಲುಗಾದವರು ಸಮಯ ಮೀರಿದ ಪ್ರಾಮಿಸರಿ ನೋಟಿಗೆ ‘ಕಾಲದೋಷ ಹಿಡಿದಿದೆ’ ಎನ್ನುತ್ತಾರೆ. ಅವರಿಗೂ ‘ಗಡುವು’ ಬಿಡಿಸಿ ಹೇಳಬೇಕಾಗಿಲ್ಲ.

ದಾವೆಯನ್ನು ‘ಹೂಡು’ತ್ತೇವೆ. ಆದ್ದರಿಂದ ತಲೆಬರಹಕ್ಕೆ ‘ಹೂಡುಗಡುವು’ ಎಂಬ ಸಮಾಸವನ್ನು ಸೂಚಿಸುತ್ತೇನೆ. ಚಿಕ್ಕದು, ಅಚ್ಚಕನ್ನಡದ್ದು, ಫಲಕದಲ್ಲಿ ದೂರದಿಂದಲೂ ಕಾಣುವಂಥದ್ದು. ಸಂಸ್ಕೃತದಿಂದ ‘ಪರಿಮಿತಿ’ಯನ್ನೂ ಅರಬ್ಬಿಯಿಂದ ‘ದಾವೆ’ಯನ್ನೂ ತಂದು ಬೆಸೆದದ್ದನ್ನು ಕನ್ನಡವೆಂದು ಕರೆಯುವ ಅಭ್ಯಾಸವನ್ನು ಈಗಲಾದರೂ ಬಿಡಬೇಕು.

ತಿಪಟೂರಿನಿಂದ, ವಕೀಲ:

ಫಲಕದ ಮುಂದೆ ನಿಲ್ಲುವವನು ಅಲ್ಲಿನ ಪದವನ್ನು ಯಾವ ಅರ್ಥದಲ್ಲಿ ಈಗಾಗಲೇ ಬಳಸುತ್ತಿದ್ದಾನೆ ಎಂಬುದನ್ನು ಮೊದಲು ನೋಡಬೇಕು; ಪದದ ಬೇರನ್ನು ಆಮೇಲೆ ನೋಡೋಣ.

‘ಕಾಲಮಿತಿ’ ಮೇಲುನೋಟಕ್ಕೆ ಎಲ್ಲರಿಗೂ ಗೊತ್ತಿರುವ ಪದ, ತೊಡಕಿರುವುದೂ ಅದರಲ್ಲಿಯೇ. 2011ರ ಸಕಾಲ ಕಾಯ್ದೆ ಬಂದಾಗಿನಿಂದ ನಮ್ಮ ನಾಡಕಚೇರಿಗಳ ಗೋಡೆಗಳ ಮೇಲೆ ಜಾತಿ ಪ್ರಮಾಣಪತ್ರಕ್ಕೆ ಇಷ್ಟು ದಿನ, ಆದಾಯ ಪ್ರಮಾಣಪತ್ರಕ್ಕೆ ಇಷ್ಟು ದಿನ ಎಂಬ ಪಟ್ಟಿಗಳಿವೆ, ಮತ್ತು ಅಲ್ಲಿ ‘ಕಾಲಮಿತಿ’ ಎಂದರೆ ಅಧಿಕಾರಿ ಕೆಲಸ ಮುಗಿಸಿ ಕೊಡಬೇಕಾದ ಸಮಯ. ಅದನ್ನು ಓದಿ ಬಂದವನ ಎದುರಿಗೆ ‘ನಷ್ಟಪರಿಹಾರ: ಕಾಲಮಿತಿ 3 ವರ್ಷ’ ಎಂದು ಬರೆದರೆ, ಮೂರು ವರ್ಷದೊಳಗೆ ಕೋರ್ಟು ಹಣ ಕೊಡಿಸುತ್ತದೆ ಎಂದೇ ಆತ ತಿಳಿಯುತ್ತಾನೆ. ಹೊಣೆ ತನ್ನ ಮೇಲಿದೆ ಎಂಬ ಮುಖ್ಯ ವಿಷಯವೇ ಅವನಿಗೆ ಮುಟ್ಟುವುದಿಲ್ಲ.

‘ಗಡುವು’ ಬೇರೆ ಕಾರಣಕ್ಕೆ ಹೊಂದುವುದಿಲ್ಲ. ಗಡುವನ್ನು ಯಾರೋ ಒಬ್ಬರು ಕೊಡುತ್ತಾರೆ, ಇನ್ನೊಬ್ಬರು ಕೇಳಿ ಪಡೆಯುತ್ತಾರೆ, ಬೇಕಾದರೆ ವಿಸ್ತರಿಸುತ್ತಾರೆ. ಪತ್ರಿಕೆಗಳಲ್ಲಿ ‘ಗಡುವು ವಿಸ್ತರಣೆ’ ಎಂಬ ತಲೆಬರಹ ಆಗಾಗ ಬರುವುದರಿಂದ ಗಡುವೆಂದರೆ ಹಿಗ್ಗುವಂಥದ್ದು ಎಂಬ ಭಾವನೆ ಜನರಲ್ಲಿ ಬೇರೂರಿದೆ. ದಾವೆಯ ವಿಷಯದಲ್ಲಿ ಇದು ಅಪಾಯಕಾರಿ. 1963ರ ಲಿಮಿಟೇಷನ್ ಕಾಯ್ದೆಯ 5ನೇ ಕಲಮಿನ ಪ್ರಕಾರ ತಕ್ಕ ಕಾರಣ ತೋರಿಸಿ ವಿಳಂಬವನ್ನು ಮನ್ನಿಸಿಕೊಳ್ಳಲು ಬರುವುದು ಮೇಲ್ಮನವಿಗಳಿಗೆ ಮತ್ತು ಅರ್ಜಿಗಳಿಗೆ. ಮೂಲ ದಾವೆಗೆ ಆ ಅವಕಾಶವಿಲ್ಲ. ಅಷ್ಟೇ ಅಲ್ಲ, 3ನೇ ಕಲಮಿನಂತೆ ಪ್ರತಿವಾದಿ ಬಾಯಿ ಬಿಡದಿದ್ದರೂ ನ್ಯಾಯಾಧೀಶರು ತಾವಾಗಿಯೇ ಲೆಕ್ಕ ನೋಡಿ ದಾವೆಯನ್ನು ವಜಾ ಮಾಡಬೇಕು. ಇಷ್ಟು ಕಟ್ಟುನಿಟ್ಟಾದ ವಿಷಯಕ್ಕೆ, ಕೇಳಿದರೆ ಇನ್ನೊಂದು ತಿಂಗಳು ಸಿಗುತ್ತದೆ ಎಂಬ ಧ್ವನಿಯ ಪದ ಬೇಡ.

‘ಹೂಡುಗಡುವು’ ಕನ್ನಡದ ಸಮಾಸವೇ ಇರಬಹುದು, ಆದರೆ ಈ ನಾಲ್ಕು ಸಾಲುಗಳಿಗೆ ಅದು ಹೊಂದುವುದಿಲ್ಲ. ನಾವು ಹೂಡುವುದು ದಾವೆಯನ್ನು ಮಾತ್ರ. ಗ್ರಾಹಕರ ಆಯೋಗಕ್ಕೆ ಹೋಗುವುದು ದೂರು, ಮೋಟಾರು ಅಪಘಾತದ ನ್ಯಾಯಮಂಡಳಿಗೆ ಹೋಗುವುದು ಅರ್ಜಿ, ಇವೆರಡನ್ನೂ ಸಲ್ಲಿಸುತ್ತೇವೆ. ಇನ್ನು ಇಂದಿನ ಓದುಗ ‘ಹೂಡು’ ಎಂದು ನೋಡಿದ ಕೂಡಲೇ ಬಂಡವಾಳ ಹೂಡಿಕೆಯ ಕಡೆಗೆ ತಿರುಗುತ್ತಾನೆ.

ಉಳಿಯುವುದು ‘ಅವಧಿ’. ತಮಿಳಿನವರ ಬಾಯಲ್ಲಿ ‘ಕಾಲಾವಧಿ’ ಎಂದರೆ ಸಮಯ ಮುಗಿದು ಹೋದದ್ದು ಎಂಬ ಅರ್ಥ ಬಂದಿರುವುದನ್ನು ಕೆಜಿಎಫ್ ಕಡೆಯವರು ಬಲ್ಲರು. ಆದರೆ ಕನ್ನಡದಲ್ಲಿ ಅವಧಿ ಎಂದರೆ ಒಂದು ದಿನ ಶುರುವಾಗಿ ಇನ್ನೊಂದು ದಿನ ಮುಗಿಯುವ ಕಾಲ. ನಮಗೆ ಬೇಕಿರುವುದು ಸರಿಯಾಗಿ ಇದೇ. ಇದನ್ನು ಒಂಟಿಯಾಗಿ ಬಿಡದೆ ‘ನಷ್ಟಪರಿಹಾರ ಕೇಳಲು ಕಾನೂನು ಕೊಟ್ಟಿರುವ ಅವಧಿ’ ಎಂದು ಬರೆಯಿರಿ. ಕೇಳಬೇಕಾದವರು ಯಾರು ಎಂಬುದು ಆಗ ಸಂಶಯವಿಲ್ಲದೆ ತಿಳಿಯುತ್ತದೆ. ‘ಕಾಲಪರಿಮಿತಿ’ಯನ್ನು ಕರಪತ್ರದ ಒಳಪುಟದಲ್ಲಿ ಒಮ್ಮೆ, ಇದೇ ಅವಧಿಯನ್ನು ಕೋರ್ಟಿನ ಭಾಷೆಯಲ್ಲಿ ಹೀಗೆ ಕರೆಯುತ್ತಾರೆ ಎಂದು ವಿವರಿಸಿ ಕೊಡಿ. ನೋಟಿಸಿನಲ್ಲಿ ಆ ಪದ ಎದುರಾದಾಗ ಓದುಗ ಗಾಬರಿಯಾಗಬಾರದು.

‘ಕಾಲಬಾಧಿತ’ದ ಬಗ್ಗೆ ಕೋಲಾರದ ಹಿರಿಯರು ಹೇಳಿದ್ದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ, ಕಾರಣವನ್ನೂ ಸೇರಿಸುತ್ತೇನೆ. ಸಾಲವಾಗಲಿ ನಷ್ಟಪರಿಹಾರವಾಗಲಿ, ಅವಧಿ ಮೀರಿದರೆ ಕೋರ್ಟಿನ ಬಾಗಿಲು ಮುಚ್ಚುತ್ತದೆಯೇ ಹೊರತು ಹಕ್ಕು ಸಾಯುವುದಿಲ್ಲ. ಕಾಲಬಾಧಿತವಾದ ಸಾಲವನ್ನು ತೀರಿಸುತ್ತೇನೆಂದು ಸಾಲಗಾರ ಬರೆದು ಸಹಿ ಹಾಕಿಕೊಟ್ಟರೆ, ಕರಾರು ಕಾಯ್ದೆಯ 25ನೇ ಕಲಮಿನ ಪ್ರಕಾರ ಆ ಬರಹ ಸಿಂಧು. ಹಕ್ಕೇ ಅಳಿಯುವುದು ಲಿಮಿಟೇಷನ್ ಕಾಯ್ದೆಯ 27ನೇ ಕಲಮಿನಲ್ಲಿ ಹೇಳಿರುವ ಆಸ್ತಿಯ ಸ್ವಾಧೀನದ ದಾವೆಗಳಲ್ಲಿ. ಆದ್ದರಿಂದ ‘ರದ್ದಾದ’, ‘ನಶಿಸಿದ’ ಎಂಬ ಪದಗಳನ್ನು ಯಾರೂ ಸೂಚಿಸಬಾರದು. ಬಾಧೆಗೊಳಗಾದದ್ದು ಎಂಬ ಅರ್ಥ ಇಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲದೆ ಕೂರುತ್ತದೆ.

ಇಲ್ಲಿ ಯಾರೂ ಎತ್ತದ ಒಂದು ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಮೂರು ವರ್ಷ ಸರಿ, ಎಂದಿನಿಂದ? ಕಾಯ್ದೆಯ ಅನುಸೂಚಿಯ ಪ್ರತಿ ಬಾಬಿನಲ್ಲಿಯೂ ಅವಧಿ ಆರಂಭವಾಗುವ ಗಳಿಗೆಯನ್ನು ಬೇರೆ ಹೇಳಿದೆ: ಕರಾರಿನ ವಿಷಯದಲ್ಲಿ ಅದು ಮುರಿದಾಗ, ಮಾನಹಾನಿಯ ಬರಹವಾದರೆ ಪ್ರಕಟವಾದಾಗ, ಆಡಿದ ಮಾತಾದರೆ ಆಡಿದಾಗ, ದುರುದ್ದೇಶದಿಂದ ಹೂಡಿದ ಕ್ರಿಮಿನಲ್ ಮೊಕದ್ದಮೆಯಾದರೆ ಖುಲಾಸೆಯಾದಾಗ ಅಥವಾ ಆ ಮೊಕದ್ದಮೆ ಬೇರೆ ರೀತಿಯಲ್ಲಿ ಮುಗಿದಾಗ. ಇದನ್ನು ‘ಮುರಿದ ದಿನದಿಂದ’ ಎಂದು ಬರೆದರೆ ಸಾಕೆಂದು ತೋರಬಹುದು, ಆದರೆ ನಮ್ಮ ‘ಇಂದ’ ಆ ದಿನವನ್ನೂ ಒಳಗೊಳ್ಳುತ್ತದೆ. ಸೋಮವಾರದಿಂದ ಮೂರು ದಿನ ಜಾತ್ರೆ ಎಂದರೆ ಸೋಮವಾರವೂ ಜಾತ್ರೆಯೇ. ಕಾಯ್ದೆಯ 12ನೇ ಕಲಮು ಮೊದಲ ದಿನವನ್ನು ಲೆಕ್ಕದಿಂದ ಬಿಡುತ್ತದೆ. ಒಪ್ಪಿದ ಬೆಲೆಗೆ ಕೊಬ್ಬರಿ ಕೊಳ್ಳುತ್ತೇನೆಂದು ಬರೆದುಕೊಟ್ಟ ವ್ಯಾಪಾರಿ 2023ರ ಮೇ 10ರಂದು ಮೂಟೆಗಳನ್ನು ಇಳಿಸಿಕೊಳ್ಳದೆ ವಾಪಸು ಕಳಿಸಿದನೆಂದು ಇಟ್ಟುಕೊಳ್ಳಿ. ಆ ದಿನವನ್ನು ಬಿಟ್ಟು ಎಣಿಸಿದರೆ ದಾವೆಗೆ ಕೊನೆಯ ದಿನ 2026ರ ಮೇ 10. ಅದು ಭಾನುವಾರ, 4ನೇ ಕಲಮಿನಂತೆ ಕೋರ್ಟು ಬಾಗಿಲು ತೆರೆಯುವ ದಿನ ಹಾಕಬಹುದು, ಬೇಸಿಗೆ ರಜೆ ನಡೆಯುತ್ತಿದ್ದರೂ ಅದೇ ನಿಯಮ. ‘ಮುರಿದ ದಿನವನ್ನು ಬಿಟ್ಟು ಮೂರು ವರ್ಷದೊಳಗೆ’ ಎಂದು ಬರೆದರೆ ಫಲಕದಲ್ಲಿ ಒಂದು ಪದ ಹೆಚ್ಚಾಗುತ್ತದೆ, ಒಬ್ಬನ ದಾವೆ ಉಳಿಯುತ್ತದೆ.

ಅಪಘಾತದ ಸಾಲಿನಲ್ಲಿ ಎಚ್ಚರಿಕೆ ಬೇಕು. ಮೋಟಾರು ವಾಹನ ಕಾಯ್ದೆಯ 1994ರ ತಿದ್ದುಪಡಿಯಲ್ಲಿ ತೆಗೆದುಹಾಕಿದ್ದ ಮಿತಿ 2019ರ ತಿದ್ದುಪಡಿಯ ಮೂಲಕ ಮರಳಿ ಬಂದು, 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಡುವಿನ ಅಷ್ಟು ವರ್ಷ ಮಿತಿಯಿಲ್ಲದೆ ನಡೆದದ್ದರಿಂದ ಅಪಘಾತದ ಕೇಸನ್ನು ಯಾವಾಗ ಬೇಕಾದರೂ ಹಾಕಬಹುದು ಎಂದು ಊರುಗಳಲ್ಲಿ ಈಗಲೂ ಹೇಳುತ್ತಾರೆ. ಈ ಆರು ತಿಂಗಳ ನಿಯಮವನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ, ಗ್ರಾಹಕರ ಆಯೋಗಕ್ಕೂ ತಕ್ಕ ಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರವಿದೆ. ಆದ್ದರಿಂದ ‘ಅವಧಿ ಮೀರಿದರೆ ವಜಾ’ ಎಂಬ ಎಚ್ಚರಿಕೆಯನ್ನು ದಾವೆಗಳ ಸಾಲುಗಳಿಗಷ್ಟೇ ಸೇರಿಸಿ; ಉಳಿದ ಎರಡಕ್ಕೆ ‘ತಡವಾಗಿದ್ದರೂ ವಕೀಲರನ್ನು ಕೇಳಿ’ ಎಂದು ಹಾಕಿ.

ಗೌರಿಬಿದನೂರಿನಿಂದ:

ವಕೀಲರು ಕಾನೂನನ್ನು ಚೆನ್ನಾಗಿ ಬಿಡಿಸಿದ್ದಾರೆ, ಭಾಷೆಯ ವಿಷಯದಲ್ಲಿ ಮಾತ್ರ ಹಳೆಯ ದಾರಿಯಲ್ಲೇ ಹೋಗಿದ್ದಾರೆ. ‘ಗಡುವು’ ಹಿಗ್ಗುತ್ತದೆ ಎಂಬುದು ಪತ್ರಿಕೆಗಳು ಕಲಿಸಿದ ಅರ್ಥ. ಬಳಸುತ್ತ ಹೋದರೆ ಅದೇ ಪದ ಬಿಗಿಯಾಗುತ್ತದೆ. ಕಾನೂನಿನ ಕೆಲಸ ಬಂದಾಗಲೆಲ್ಲ ಸಂಸ್ಕೃತದ ಪದಕ್ಕೇ ಮಣೆ ಹಾಕಿ, ಕನ್ನಡದ ಪದ ಪಳಗಿಲ್ಲ ಎಂದು ಹೇಳುತ್ತ ಕುಳಿತರೆ ಅದು ಪಳಗುವುದು ಯಾವಾಗ? ರಾಜ್ಯದ ರಾಜಭಾಷಾ ಕಾಯ್ದೆಯೂ ಲಿಮಿಟೇಷನ್ ಕಾಯ್ದೆಯೂ ಒಂದೇ 1963ರಲ್ಲಿ ಬಂದವು. ಇಷ್ಟು ದಶಕಗಳಾದರೂ ಒಂದು ತಲೆಬರಹಕ್ಕೆ ಪದ ಹುಡುಕುವ ಸ್ಥಿತಿಗೆ ಈ ಹಿಂಜರಿಕೆಯೇ ಕಾರಣ.

ಕೋಲಾರದಿಂದ, ನಿವೃತ್ತ ಶಿರಸ್ತೇದಾರ:

ಪದ ಪಳಗಿಸುವ ಪ್ರಯೋಗವನ್ನು ಒಬ್ಬ ಬಡವನ ದಾವೆಯ ಮೇಲೆ ಮಾಡಬೇಡಿ. ಶಿರಾ ಮೊಗಲರ ಸುಬಾದ ರಾಜಧಾನಿಯಾಗಿದ್ದಾಗ ಕೋಲಾರ ಅದಕ್ಕೆ ಸೇರಿದ ಪರಗಣವಾಗಿತ್ತು. ಅರ್ಜಿ, ಜಪ್ತಿ, ಜಾಮೀನು, ವಕೀಲ, ಅಮೀನ ಇವೆಲ್ಲ ಇಂಥ ಆಡಳಿತಗಳ ಜೊತೆಗೆ ಬಂದು ಈ ಜಿಲ್ಲೆಗಳ ಮನೆಮನೆಯ ಮಾತಾಗಿವೆ. ಅಕ್ಷರ ಬಾರದ ಮುದುಕಿಯೂ ‘ದಾವಾ ಹಾಕ್ತೀನಿ’ ಎನ್ನುತ್ತಾಳೆ. ಅವಳ ಬಾಯಿಂದ ಆ ಪದವನ್ನು ಕಿತ್ತು ‘ಹೂಡುಗಡುವು’ ಕೊಡುವುದರಲ್ಲಿ ಕನ್ನಡಕ್ಕೆ ಯಾವ ಲಾಭವನ್ನೂ ನಾನು ಕಾಣೆ. ತಲೆಬರಹಕ್ಕೆ ತಿಪಟೂರಿನವರು ಹೇಳಿದ ‘ಅವಧಿ’ ಆಗಬಹುದು. ಒಳಪುಟದಲ್ಲಿ ‘ಕಾಲಪರಿಮಿತಿ’ ಇರಲೇಬೇಕು.

ತುಮಕೂರಿನಿಂದ, ಅನುವಾದಕಿ:

ಎಲ್ಲರಿಗೂ ಕೃತಜ್ಞತೆಗಳು. ಅಂಗಡಿಗೆ ಕಳಿಸಲಿರುವ ಪಠ್ಯ ಹೀಗಿದೆ:

‘ನಷ್ಟಪರಿಹಾರ ಕೇಳಲು ಕಾನೂನು ಕೊಟ್ಟಿರುವ ಅವಧಿ. ಕರಾರು ಮುರಿದರೆ, ಮುರಿದ ದಿನವನ್ನು ಬಿಟ್ಟು 3 ವರ್ಷದೊಳಗೆ ದಾವೆ ಹೂಡಬೇಕು. ಮಾನನಷ್ಟವಾದರೆ, ಮಾತು ಆಡಿದ ಅಥವಾ ಬರಹ ಪ್ರಕಟವಾದ ದಿನವನ್ನು ಬಿಟ್ಟು 1 ವರ್ಷದೊಳಗೆ ದಾವೆ ಹೂಡಬೇಕು. ಅವಧಿ ಮೀರಿದ ದಾವೆಯನ್ನು ನ್ಯಾಯಾಲಯ ವಜಾ ಮಾಡುತ್ತದೆ. ಗ್ರಾಹಕರ ಆಯೋಗಕ್ಕೆ 2 ವರ್ಷದೊಳಗೆ ದೂರು, ವಾಹನ ಅಪಘಾತವಾದರೆ ನ್ಯಾಯಮಂಡಳಿಗೆ 6 ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ತಡವಾಗಿದ್ದರೂ ವಕೀಲರನ್ನು ಕೇಳಿ.’

‘ಗಡುವು’ ಪದವನ್ನು ಕರಪತ್ರದಲ್ಲಿ ಸರ್ಕಾರಕ್ಕೆ ಎರಡು ತಿಂಗಳ ಮುನ್ಸೂಚನೆಯ ನೋಟಿಸು ಕೊಡುವ ಭಾಗದಲ್ಲಿ ಬಳಸಿಕೊಂಡಿದ್ದೇನೆ. ಅಲ್ಲಿ ಒಬ್ಬರು ಇನ್ನೊಬ್ಬರಿಗೆ ನಿಜವಾಗಿಯೂ ಗಡುವು ಕೊಡುತ್ತಾರೆ.

ಕೋಲಾರದಿಂದ, ನಿವೃತ್ತ ಶಿರಸ್ತೇದಾರ:

‘ಕರಾರು ಮುರಿದರೆ’ ಎಂದರೆ ಯಾರು ಮುರಿದರೆ? ಓದುವವನೇ ಮುರಿದಿದ್ದರೂ ಆ ವಾಕ್ಯ ಅನ್ವಯಿಸುತ್ತದೆ. ‘ಎದುರು ಪಕ್ಷದವರು ಕರಾರು ಮುರಿದರೆ’ ಎಂದು ತಿದ್ದಿ. ಉಳಿದದ್ದು ಅಚ್ಚಿಗೆ ಹೋಗಬಹುದು.