ಅಪ್‌ಡೇಟ್: ಕೊನೆಗೂ ಜೋಡಿ ಪದವಿಗೇ ಸೇರಿದೆ

ಸಿಡ್ನಿಯಲ್ಲಿ ಬರೀ ಲಾ ಓದಲಾ, ಇಂಟರ್‌ನ್ಯಾಷನಲ್ ಸ್ಟಡೀಸ್ ಸೇರಿಸಿ ಜೋಡಿ ಪದವಿ ಮಾಡಲಾ ಅಂತ ಹೋದ ವರ್ಷ ಕೇಳಿದ್ದೆ. ಜೋಡಿಯನ್ನೇ ಆರಿಸಿಕೊಂಡೆ. 5 ವರ್ಷದ ಕೋರ್ಸು.

ಎರಡು ಸೇರಿದರೆ ಲಾ ಭಾರ ಕಮ್ಮಿಯಾಗುತ್ತದೆ ಅಂದುಕೊಂಡಿದ್ದೆ. ಸುಳ್ಳು! ಇಲ್ಲಿ ವಕೀಲರಾಗಲು ‘ಪ್ರೀಸ್ಟ್ಲಿ 11’ ಅನ್ನುವ ಹನ್ನೊಂದು ವಿಷಯ ಕಡ್ಡಾಯ. ಕಾಂಟ್ರ್ಯಾಕ್ಟ್, ಟಾರ್ಟ್ಸ್ (ಬೇರೆಯವರಿಗೆ ಮಾಡಿದ ಹಾನಿಗೆ ಪರಿಹಾರ ಕೊಡಿಸುವ ಕಾನೂನು), ಕ್ರಿಮಿನಲ್ ಲಾ ಎಲ್ಲ ಅದರಲ್ಲೇ. ಜೋಡಿ ಪದವಿಗೂ ರಿಯಾಯಿತಿ ಇಲ್ಲ. ಪದವಿ ಮುಗಿದ ಮೇಲೆ ಪ್ರಾಯೋಗಿಕ ತರಬೇತಿ ಬೇರೆ.

ಟಾರ್ಟ್ಸ್ ಓದಿ ತಲೆ ಕೆಟ್ಟಾಗ ಇಂಟರ್‌ನ್ಯಾಷನಲ್ ಸ್ಟಡೀಸ್ ಕಡೆಯ ಇಂಡೋನೇಷಿಯನ್ ಭಾಷೆ ಕ್ಲಾಸೇ ಆಸರೆ. ಆ ಭಾಷೆಯಲ್ಲಿ ಗಂಡನಿಗೆ ‘ಸುವಾಮಿ’ ಅಂತಾರೆ. ನಮ್ಮ ಸ್ವಾಮಿಯೇ ಅಲ್ವಾ!

ಇಲ್ಲಿ ಓದಿ ಭಾರತದಲ್ಲಿ ವಕೀಲಿ ಪ್ರಾಕ್ಟೀಸ್ ಮಾಡಬಹುದಾ ಅಂತ ಒಬ್ಬರು ಕೇಳಿದ್ದರು. ವಕೀಲ ವೃತ್ತಿಯನ್ನು ನಿಯಂತ್ರಿಸುವ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಮಾನ್ಯ ಮಾಡಿದ ಪದವಿ ಇರಬೇಕು, ಅದರ ಅರ್ಹತಾ ಪರೀಕ್ಷೆಯನ್ನೂ ಪಾಸು ಮಾಡಬೇಕು. ಸೇರುವ ಮುಂಚೆಯೇ ನೋಡಿಕೊಳ್ಳಿ.