ಹಾಲಿಡೇ ಮೆಂಬರ್‌ಶಿಪ್ ಕ್ಯಾನ್ಸಲ್ ಮಾಡಬೇಕು, ಇಎಂಐ ನಿಲ್ಲಿಸಿದರೆ ಸಾಕಾ?

ತುಮಕೂರಿನವ:
ಮಾಲ್‌ನಲ್ಲಿ ಲಕ್ಕಿ ಡ್ರಾ ಕೂಪನ್ ತುಂಬಿದ್ದೆವು. ಆಮೇಲೆ ಫೋನ್ ಬಂತು, ಗಿಫ್ಟ್ ಬಂದಿದೆ, ಗಂಡ ಹೆಂಡತಿ ಇಬ್ಬರೂ ಹೋಟೆಲ್‌ಗೆ ಬನ್ನಿ ಅಂತ. ಹೋದರೆ ಊಟದ ಹೊತ್ತು ಮೀರುವವರೆಗೂ ಕೂರಿಸಿಕೊಂಡು ತಲೆ ತಿಂದರು, ‘ಈ ರೇಟು ಇವತ್ತು ಮಾತ್ರ ಸರ್’ ಅಂತ ಮ್ಯಾನೇಜರ್ ಒಬ್ಬ ಬಂದು ರೇಟು ಹೊಡೆದು ಬರೆದುಕೊಟ್ಟ, ಕೊನೆಗೆ 25 ವರ್ಷದ ಮೆಂಬರ್‌ಶಿಪ್‌ಗೆ ಸಹಿ ಹಾಕಿದೆವು. ಒಟ್ಟು 3.8 ಲಕ್ಷ. 60 ಸಾವಿರ ಕಾರ್ಡ್ ಉಜ್ಜಿದ್ದು, ಉಳಿದದ್ದು ಇಎಂಐ. ಮನೆಯಲ್ಲಿ ಅಗ್ರಿಮೆಂಟ್ ಓದಿದರೆ ವರ್ಷಾವರ್ಷ ಮೇಂಟೆನೆನ್ಸ್ ಫೀಸು ಬೇರೆ, ಅದೂ ಏರುತ್ತಾ ಹೋಗುತ್ತದೆ. ನಮಗೆ ಕೊಟ್ಟಿರುವ ಸೀಸನ್‌ನಲ್ಲಿ ಏಪ್ರಿಲ್, ಮೇ ಬರುವುದೇ ಇಲ್ಲ! ಮಕ್ಕಳಿಗೆ ರಜೆ ಇರುವುದೇ ಆಗ. ಸೇಲ್ಸ್‌ನವನು ಈಗ ಫೋನ್ ಎತ್ತುತ್ತಿಲ್ಲ. ಬ್ಯಾಂಕಿಗೆ ಹೇಳಿ ಇಎಂಐ ನಿಲ್ಲಿಸಿಬಿಟ್ಟರೆ ಮುಗೀತಾ?

ಕಾಫಿಪುಡಿ:
ಇಎಂಐ ಮಾತು ಆಮೇಲೆ. ಸಹಿ ಹಾಕಿದ ತಾರೀಖು ನೋಡಿ ಮೊದಲು. ಟೈಮ್‌ಶೇರ್‌ಗೆ, ಅಂದರೆ ವರ್ಷಾವರ್ಷ ಕೆಲವು ದಿನ ರೆಸಾರ್ಟ್‌ನಲ್ಲಿ ಉಳಿಯುವ ಇಂಥ ಮೆಂಬರ್‌ಶಿಪ್‌ಗೆ, ಅಂತಲೇ ನಮ್ಮಲ್ಲಿ ಪ್ರತ್ಯೇಕ ಕಾನೂನಿಲ್ಲ. ಯುರೋಪಿನಲ್ಲಾದರೆ 14 ದಿನದೊಳಗೆ ಕಾರಣವನ್ನೇ ಹೇಳದೆ ವಾಪಸ್ ಕೊಡಬಹುದು. ಇಲ್ಲಿ ಅಗ್ರಿಮೆಂಟ್‌ನಲ್ಲಿ ಏನಿದೆಯೋ ಅದೇ. ಸಾಮಾನ್ಯವಾಗಿ ಕೊನೆ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಕ್ಯಾನ್ಸಲೇಶನ್ ಅಂತ ಇರುತ್ತದೆ, ಹುಡುಕಿ.

ತುಮಕೂರಿನವ:
ಸಿಕ್ಕಿತು. 10 ದಿನ ಅಂತ ಇದೆ, ಈ ಶುಕ್ರವಾರಕ್ಕೆ ಮುಗಿಯುತ್ತದೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ, ‘ಸೋಮವಾರ ನಮ್ಮ ಸೀನಿಯರ್ ಮಾತಾಡ್ತಾರೆ’ ಅಂದರು.

ಕಾಫಿಪುಡಿ:
ಸೋಮವಾರವಂತೆ! ಅವಧಿ ದಾಟಲಿ ಅಂತಲೇ ಹಾಗೆ ಹೇಳುವುದು. ಇವತ್ತೇ ಮೇಲ್ ಹಾಕಿ. ಮೆಂಬರ್‌ಶಿಪ್ ನಂಬರ್, ಸಹಿ ತಾರೀಖು, ಯಾವ ಕಲಂ ಪ್ರಕಾರ ರದ್ದು ಮಾಡುತ್ತಿದ್ದೀರಿ, ಹಣ ಯಾವ ಖಾತೆಗೆ ಬರಬೇಕು, ಇಷ್ಟು ಬರೆದರೆ ಸಾಕು, ಕಥೆ ಬೇಡ. ಅದನ್ನೇ ಪ್ರಿಂಟ್ ತೆಗೆದು ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ‘ಇನ್ನೊಂದು ವಾರ ಫ್ರೀ ಸ್ಟೇ ಕೊಡ್ತೀವಿ’ ಅಂತ ಫೋನ್ ಬಂದೇ ಬರುತ್ತದೆ. ಏನಿದ್ದರೂ ಮೇಲ್‌ನಲ್ಲಿ ಹೇಳಿ ಅಂದುಬಿಡಿ.

ಬಡ್ಡಿಲೆಕ್ಕ:
ಇಎಂಐ ಸುಮ್ನೆ ನಿಲ್ಲಿಸಬೇಡಿ. ಫೈನಾನ್ಸ್ ಕಂಪನಿಯಿಂದ ಸಾಲ ಆಗಿದ್ದರೆ ಅದು ಬೇರೆಯೇ ಕರಾರು, ರೆಸಾರ್ಟ್‌ನವರ ಜಗಳ ನಮಗೆ ಸಂಬಂಧವಿಲ್ಲ ಅನ್ನುತ್ತಾರೆ. ಬೌನ್ಸ್ ಚಾರ್ಜ್ ಬೀಳುತ್ತದೆ, ಸಿಬಿಲ್ ಸ್ಕೋರ್ ಕೆಡುತ್ತದೆ, ನಾಳೆ ಮನೆ ಸಾಲಕ್ಕೆ ಹೋದಾಗ ಅದೇ ಅಡ್ಡ ಬರುತ್ತದೆ. ರದ್ದತಿ ಮೇಲ್‌ನ ಕಾಪಿ ಅವರಿಗೂ ಕಳಿಸಿ, ಸಾಲ ಮುಚ್ಚಿದ ಪತ್ರ ಕೇಳಿ ಪಡೆಯಿರಿ.

ಮಲೆನಾಡ ಮಳೆ:
ಅವಧಿ ಮುಗಿದ ಮೇಲೆ ಇಲ್ಲಿಗೆ ಬಂದವರಿಗೂ ಒಂದು ಮಾತು. ಮೊದಲು 1915ಕ್ಕೆ ದೂರು ಕೊಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ, ವಕೀಲರೇ ಬೇಕು ಅಂತಿಲ್ಲ. ಆದರೆ 2 ವರ್ಷದೊಳಗೆ ಹಾಕಬೇಕು. ಅಗ್ರಿಮೆಂಟ್‌ನಲ್ಲಿ ಆರ್ಬಿಟ್ರೇಶನ್ (ಕೋರ್ಟಿನ ಬದಲು ಮಧ್ಯಸ್ಥಗಾರರ ಮುಂದೆ ತೀರ್ಮಾನ) ಅಂತ ಇದೆ ಎಂದು ಹೆದರಿಸುತ್ತಾರೆ, ಅದಿದ್ದರೂ ಗ್ರಾಹಕ ಆಯೋಗಕ್ಕೆ ಹೋಗಬಹುದು. ಆದರೆ ‘ಕರಾರೇ ಅನ್ಯಾಯದ್ದು, ರದ್ದು ಮಾಡಿ’ ಅಂತ ಕೇಳುವುದಾದರೆ ಜಿಲ್ಲೆಯಲ್ಲಲ್ಲ, ರಾಜ್ಯ ಆಯೋಗದಲ್ಲಿ ಕೇಳಬೇಕು. ಬಾಯಿಮಾತಿನ ಭರವಸೆಗೆ ಸಾಕ್ಷಿ ಕಷ್ಟ. ಅದಕ್ಕೇ ಸೇಲ್ಸ್‌ನವನ ವಾಟ್ಸಾಪ್ ಮೆಸೇಜು, ಆ ಮ್ಯಾನೇಜರ್ ರೇಟು ಬರೆದ ಹಾಳೆ, ಯಾವುದನ್ನೂ ಬಿಸಾಕಬೇಡಿ.

ಕಾಫಿಪುಡಿ:
ಇನ್ನೊಂದು. ‘ನಿಮ್ಮ ಮೆಂಬರ್‌ಶಿಪ್ ಕೊಳ್ಳಲು ಪಾರ್ಟಿ ರೆಡಿ ಇದೆ, ಜಿಎಸ್‌ಟಿ ಮಾತ್ರ ಮೊದಲು ಕಟ್ಟಿ’ ಅಂತ ಫೋನ್ ಬಂದರೆ ಕಟ್ ಮಾಡಿ, ಅದು ಮೋಸ. ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆ ಸಹಾಯವಾಣಿ.

ತುಮಕೂರಿನವ:
ಮೇಲ್ ಹೋಯಿತು, ಪೋಸ್ಟ್ ನಾಳೆ ಬೆಳಿಗ್ಗೆ. ವೆಲ್‌ಕಮ್ ಕಿಟ್ ಅಂತ ಒಂದು ಡಬ್ಬ ಕೊಟ್ಟಿದ್ದಾರೆ, ಸೀಲ್ ಒಡೆದಿಲ್ಲ. ಅದನ್ನೂ ವಾಪಸ್ ಕಳಿಸಬೇಕಾ?

ಬಡ್ಡಿಲೆಕ್ಕ:
ಒಡೆಯಬೇಡಿ. ಫೋಟೋ ತೆಗೆದಿಡಿ, ಅವರು ಮೇಲ್‌ನಲ್ಲಿ ಕೇಳಿದಾಗ ಕಳಿಸಿದರಾಯಿತು.